ಜಿಐ ಅಂದ್ರೆ ಸಾಲಲ್ಲ, ಎಷ್ಟು ಮೈಕ್ರಾನ್ ಅಂತ ಕೇಳಿ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ವಿಷಯ ತುಕ್ಕು. ಹೌದು, ಕಬ್ಬಿಣಕ್ಕೆ ಹಿಡಿಯುತ್ತಲ್ಲ, ಅದೇ ತುಕ್ಕು. ದಯವಿಟ್ಟು ಸ್ಕಿಪ್ ಮಾಡ್ಬೇಡಿ, ಇದು ಪೂರ್ತಿ ದುಡ್ಡಿನ ವಿಷಯ.

ಉತ್ತರ ಕನ್ನಡದ ಕರಾವಳಿಯಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಅವರೂ ಅವರ ಅಣ್ಣನೂ ಸೇರಿ ಐಸ್ ಪ್ಲಾಂಟ್ ಹಾಕ್ತಿದ್ದಾರೆ. ಮೀನುಗಾರಿಕೆ ಬೋಟ್‌ಗಳಿಗೆ ಐಸ್ ಬ್ಲಾಕ್ ಕೊಡೋ ಪ್ಲಾಂಟ್. ಬ್ಯಾಂಕ್ ಲೋನು, ಅಮ್ಮನ ಒಡವೆ ಎಲ್ಲಾ ಅದರಲ್ಲೇ ಕೂತಿದೆ. ಕಂಡೆನ್ಸರ್ ಇಡೋ ಪ್ಲಾಟ್‌ಫಾರ್ಮ್, ಏಣಿ, ಪೈಪ್ ಸಪೋರ್ಟು, ಕೇಬಲ್ ಟ್ರೇ, ಕೈಹಿಡಿ ಕಂಬಿ, ಇಷ್ಟಕ್ಕೆ ಎರಡು ಕೊಟೇಶನ್ ಬಂದಿದೆ. ಒಂದು 5 ಲಕ್ಷದ್ದು. ಅದರಲ್ಲಿ ಬರೆದಿರೋದು ಇಷ್ಟೇ: 'ಆಲ್ ಜಿಐ ಮೆಟೀರಿಯಲ್, ಸಿಲ್ವರ್ ಫಿನಿಶ್'. ಇನ್ನೊಂದು 5 ಲಕ್ಷ 80 ಸಾವಿರದ್ದು. ಅದರಲ್ಲಿ 'ಫ್ಯಾಬ್ರಿಕೇಶನ್ ಆದ ಮೇಲೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್, ಐಎಸ್ 4759 ಪ್ರಕಾರ, 610 ಜಿಎಸ್‌ಎಂ' ಅಂತಿದೆ. ಅವರ ಪ್ರಶ್ನೆ: ಎರಡೂ ಜಿಐ ತಾನೇ, 80 ಸಾವಿರ ಯಾಕೆ ಜಾಸ್ತಿ ಕೊಡ್ಬೇಕು?

ಒಳ್ಳೇ ಪ್ರಶ್ನೆ. ನಾನು ಬಿಕಾಂ ಓದಿದವಳು, ಮೆಟಲರ್ಜಿ ನನ್ನ ಸಬ್ಜೆಕ್ಟ್ ಅಲ್ಲ. ಆದರೆ ಈ ಪ್ರಶ್ನೆಯ ಹಿಂದೆ ಬಿದ್ದು ಓದ್ತಾ ಹೋದಾಗ ಗೊತ್ತಾಗಿದ್ದು, ಇದರ ಅರ್ಧ ಭಾಗ ಅಕೌಂಟೆನ್ಸಿನೇ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಸ್ವಲ್ಪ ರಸಾಯನಶಾಸ್ತ್ರ.

ಕಬ್ಬಿಣ ನಮಗೆ ಭೂಮಿಯಿಂದ ಸಿಗೋದೇ ಆಮ್ಲಜನಕದ ಜೊತೆ ಸೇರಿರೋ ಅದಿರಿನ ರೂಪದಲ್ಲಿ. ಬಳ್ಳಾರಿ ಕಡೆಯ ಕೆಂಪು ಮಣ್ಣು ನೋಡಿದ್ದೀರಲ್ಲ, ಅದೇ. ನಾವು ಕುಲುಮೆಗೆ ಹಾಕಿ, ಸಿಕ್ಕಾಪಟ್ಟೆ ಶಾಖ ಕೊಟ್ಟು ಆಮ್ಲಜನಕವನ್ನ ಬೇರೆ ಮಾಡಿ ಉಕ್ಕು ಮಾಡ್ತೀವಿ. ಅದು ಅವಕಾಶ ಸಿಕ್ಕಿದ ತಕ್ಷಣ ವಾಪಸ್ ಕೆಂಪು ಮಣ್ಣಾಗೋಕೆ ಹೊರಡುತ್ತೆ. ನೀರು, ಗಾಳಿ ಎರಡಿದ್ರೆ ಸಾಕು. ಉಪ್ಪು ಸೇರಿದ್ರೆ ಕೇಳೋದೇ ಬೇಡ. ಉಪ್ಪು ಕರಗಿದ ನೀರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತೆ, ಮತ್ತೆ ಉಪ್ಪು ಗಾಳಿಯ ತೇವವನ್ನ ತಾನೇ ಎಳ್ಕೊಂಡು ಲೋಹದ ಮೇಲೆ ಒದ್ದೆ ಪದರ ಆರದ ಹಾಗೆ ಇಟ್ಕೊಳ್ಳುತ್ತೆ. ಹಾಗಾಗಿ ಸಮುದ್ರದ ಪಕ್ಕ ಮಳೆ ಇಲ್ಲದ ದಿನವೂ ಕಬ್ಬಿಣಕ್ಕೆ ಮಳೆಗಾಲನೇ.

ಬಣ್ಣ ಬಳಿದ್ರೆ ಏನಾಗುತ್ತೆ? ನೀರು ಒಳಗೆ ಹೋಗದ ಹಾಗೆ ಗೋಡೆ ಕಟ್ಟಿದ ಹಾಗೆ. ಗೋಡೆ ಇರೋ ತನಕ ಸರಿ. ಸ್ಪ್ಯಾನರ್ ಬಿದ್ದು ಒಂದು ಗೀರು ಬಿತ್ತು ಅನ್ಕೊಳ್ಳಿ, ಅಲ್ಲಿಂದ ತುಕ್ಕು ಬಣ್ಣದ ಕೆಳಗೇ ಹರಿದು, ಬಣ್ಣವನ್ನ ಹಪ್ಪಳದ ಹಾಗೆ ಉಬ್ಬಿಸಿ ಎಬ್ಬಿಸುತ್ತೆ.

ಸತು, ಅಂದ್ರೆ ಜಿಂಕ್, ಗೋಡೆ ಕೆಲಸನೂ ಮಾಡುತ್ತೆ. ಅದರ ಜೊತೆ ಇನ್ನೊಂದು ಕೆಲಸ ಮಾಡುತ್ತೆ. ಎರಡು ಲೋಹ ಒಂದಕ್ಕೊಂದು ತಾಗಿಕೊಂಡು ಒದ್ದೆಯಾದಾಗ ಅಲ್ಲಿ ಒಂದು ಪುಟ್ಟ ಬ್ಯಾಟರಿ ಹುಟ್ಟುತ್ತೆ. ಆ ಜೋಡಿಯಲ್ಲಿ ಹೆಚ್ಚು ಚುರುಕಾಗಿ ಕರಗೋ ಲೋಹ ತಾನು ಕರಗಿ ಇನ್ನೊಂದನ್ನ ಉಳಿಸುತ್ತೆ. ಸತು ಮತ್ತು ಕಬ್ಬಿಣದ ಜೋಡಿಯಲ್ಲಿ ಕರಗೋದು ಸತು. ಆದ್ದರಿಂದ ಗೀರು ಬಿದ್ದು ಉಕ್ಕು ಕಾಣಿಸಿದ್ರೂ ಸುತ್ತ ಇರೋ ಸತು ತಾನು ಸವೆದು ಆ ಗೀರನ್ನ ಕಾಪಾಡುತ್ತೆ. ಇದಕ್ಕೆ ಮಿತಿ ಇದೆ, ಕೆಲವು ಮಿಲಿಮೀಟರ್ ಅಗಲದ ಗೀರಿಗಷ್ಟೇ ಇದು ನಡೆಯೋದು. ಅಂಗೈ ಅಗಲ ಸತು ಕಿತ್ತು ಹೋದ್ರೆ ನಡುವಿನ ಜಾಗಕ್ಕೆ ಆ ರಕ್ಷಣೆ ತಲುಪಲ್ಲ.

ಈ ತತ್ವವನ್ನ ಮೊದಲು ದೊಡ್ಡದಾಗಿ ಪ್ರಯೋಗ ಮಾಡಿ ತೋರಿಸಿದ್ದು ಇಂಗ್ಲೆಂಡಿನ ಹಂಫ್ರಿ ಡೇವಿ, 1824ರಲ್ಲಿ. ಬ್ರಿಟಿಷ್ ನೌಕಾಪಡೆಯ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೀತಿದ್ರು, ಅದು ಸಮುದ್ರದ ನೀರಲ್ಲಿ ಸವೀತಿತ್ತು. ಡೇವಿ ಆ ತಾಮ್ರಕ್ಕೆ ಸತು, ಕಬ್ಬಿಣದ ತುಂಡು ಜೋಡಿಸಿದ. ಸವೆತ ನಿಂತೇ ಹೋಯ್ತು! ಆದರೆ ಮಜಾ ಏನಂದ್ರೆ, ತಾಮ್ರ ಸ್ವಲ್ಪ ಸ್ವಲ್ಪ ಕರಗ್ತಿದ್ದಿದ್ರಿಂದಲೇ ಹಡಗಿನ ತಳಕ್ಕೆ ಚಿಪ್ಪುಜೀವಿಗಳು, ಪಾಚಿ ಅಂಟ್ತಿರಲಿಲ್ಲ. ಕರಗೋದು ನಿಂತ ಮೇಲೆ ಅವೆಲ್ಲ ಬಂದು ಸಂಸಾರ ಹೂಡಿದ್ವು, ಹಡಗು ನಿಧಾನ ಆಯ್ತು, ನೌಕಾಪಡೆ ಅದನ್ನ ಕೈಬಿಡ್ತು. ವಿಜ್ಞಾನ ಪಾಸ್, ಪ್ರಾಜೆಕ್ಟ್ ಫೇಲ್. ಆಮೇಲೆ 1837ರಲ್ಲಿ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ ಅನ್ನೋ ಎಂಜಿನಿಯರ್ ಉಕ್ಕನ್ನ ಕರಗಿದ ಸತುವಿನಲ್ಲಿ ಅದ್ದೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಅದೇ ಇವತ್ತಿನ ಹಾಟ್ ಡಿಪ್. ಗ್ಯಾಲ್ವನೈಸಿಂಗ್ ಅನ್ನೋ ಹೆಸರು ಬಂದಿದ್ದು ಕಪ್ಪೆ ಕಾಲಿನ ಪ್ರಯೋಗದ ಗ್ಯಾಲ್ವನಿಯಿಂದ.

ಇಲ್ಲಿ ಒಂದು ಅಡ್ಡ ಮಾತು, ಹೇಳದೆ ಇರೋಕೆ ಆಗಲ್ಲ. ಸತುವನ್ನ ಅದಿರಿನಿಂದ ತೆಗೆಯೋದೇ ಕಷ್ಟ. 907 ಡಿಗ್ರಿಗೆ ಅದು ಕುದಿದು ಆವಿ ಆಗುತ್ತೆ, ಕುಲುಮೆಯಲ್ಲಿ ಹೊಗೆ ಆಗಿ ಹಾರಿ ಹೋಗುತ್ತೆ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಅನ್ನೋ ಊರಲ್ಲಿ, ಯುರೋಪಿನವರು ಕಲಿಯೋಕೆ ಶತಮಾನಗಳ ಮುಂಚೆನೇ, ಬದನೆಕಾಯಿ ಆಕಾರದ ಮಣ್ಣಿನ ಪಾತ್ರೆಗಳನ್ನ ತಲೆಕೆಳಗಾಗಿ ಇಟ್ಟು ಆ ಆವಿಯನ್ನ ಕೆಳಗೆ ಇಳಿಸಿ ತಣಿಸಿ ಸತು ತೆಗೀತಿದ್ರು. ಉಪಯೋಗಿಸಿ ಬಿಟ್ಟ ಪಾತ್ರೆಗಳು ಎಷ್ಟಿದ್ವು ಅಂದ್ರೆ, ಅಲ್ಲಿ ಅವನ್ನೇ ಇಟ್ಟಿಗೆ ಥರ ಜೋಡಿಸಿ ಗೋಡೆ ಕಟ್ಟಿದ್ದಾರೆ. ಸರಿ, ವಾಪಸ್ ಕೊಟೇಶನ್‌ಗೆ.

'ಜಿಐ' ಅನ್ನೋದು ಒಂದು ಮನೆತನದ ಹೆಸರು ಇದ್ದ ಹಾಗೆ. ಒಳಗೆ ಬೇರೆ ಬೇರೆ ಸ್ವಭಾವದವರಿದ್ದಾರೆ. ಅಂಗಡಿಯಲ್ಲಿ ಸಿಗೋ ಹೊಳೆಯೋ ಬೋಲ್ಟು, ಕ್ಲ್ಯಾಂಪು ಬಹುಪಾಲು ಎಲೆಕ್ಟ್ರೋಪ್ಲೇಟಿಂಗ್. ವಿದ್ಯುತ್ ಹರಿಸಿ ಕೂರಿಸಿದ ಸತು, ದಪ್ಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ, ಹೋಲಿಸ್ಕೊಳ್ಳಿ. ಇನ್ನೊಂದು, ಫ್ಯಾಕ್ಟರಿಯಲ್ಲಿ ಉಕ್ಕಿನ ಸುರುಳಿಯನ್ನ ಕರಗಿದ ಸತುವಿನ ಮೂಲಕ ವೇಗವಾಗಿ ಹಾಯಿಸಿ ಮಾಡೋ ಜಿಐ ಶೀಟು. ಅದನ್ನ ಕತ್ತರಿಸಿ, ಬಗ್ಗಿಸಿ, ತೂತು ಹೊಡೆದು ಟ್ರೇ, ಚಾನೆಲ್ಲು, ತೆಳು ಪೈಪು ಮಾಡ್ತಾರೆ. ಅದರ ಮೇಲೆ ಝಡ್ 120, ಝಡ್ 275 ಅಂತ ಗ್ರೇಡ್ ಇರುತ್ತೆ. ಝಡ್ 120 ಅಂದ್ರೆ ಒಂದು ಚದರ ಮೀಟರ್ ಶೀಟಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು. ಎರಡೂ ಬದಿ ಸೇರಿ! ಒಂದು ಬದಿಗೆ 60 ಗ್ರಾಂ, ಅಂದ್ರೆ ಸುಮಾರು 8.4 ಮೈಕ್ರಾನ್. ಝಡ್ 275 ಆದ್ರೆ ಒಂದು ಬದಿಗೆ ಸುಮಾರು 19.

ಮೂರನೆಯದು ನಿಜವಾದ ಹಾಟ್ ಡಿಪ್. ಏಣಿಯನ್ನ ಏಣಿಯಾಗಿ, ಪ್ಲಾಟ್‌ಫಾರ್ಮ್ ಅನ್ನ ಪ್ಲಾಟ್‌ಫಾರ್ಮ್ ಆಗಿ ಪೂರ್ತಿ ಕಟ್ಟಿ ಆದ ಮೇಲೆ ಅದ್ದೋದು. ಮೊದಲು ಎಣ್ಣೆ ಜಿಡ್ಡು ತೆಗೀತಾರೆ, ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಮುಳುಗಿಸಿ ಇರೋ ತುಕ್ಕೆಲ್ಲ ಕರಗಿಸ್ತಾರೆ, ಫ್ಲಕ್ಸ್ ದ್ರಾವಣಕ್ಕೆ ಅದ್ದಿ ಒಣಗಿಸಿ, ಸುಮಾರು 450 ಡಿಗ್ರಿಯ ಸತುವಿನ ತೊಟ್ಟಿಗೆ ಇಳಿಸ್ತಾರೆ. ಅಲ್ಲಿ ಸತು ಬರೀ ಮೇಲೆ ಅಂಟಿಕೊಳ್ಳಲ್ಲ, ಕಬ್ಬಿಣದ ಜೊತೆ ಬೆರೆತು ಮಿಶ್ರಲೋಹದ ಪದರಗಳಾಗಿ ಬೆಳೆಯುತ್ತೆ. ಅವುಗಳಲ್ಲಿ ಕೆಲವು ಪದರ ಕೆಳಗಿನ ಉಕ್ಕಿಗಿಂತಲೂ ಗಟ್ಟಿ. ನಮ್ಮ ಐಎಸ್ 4759 ಪ್ರಕಾರ 5 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪದ ಉಕ್ಕಿಗೆ ಒಂದು ಚದರ ಮೀಟರ್‌ಗೆ 610 ಗ್ರಾಂ, ಒಂದೇ ಬದಿಗೆ. ಮೈಕ್ರಾನ್ ಲೆಕ್ಕದಲ್ಲಿ 85. ತೆಳು ಉಕ್ಕಿಗೆ ಅಷ್ಟು ಹತ್ತಲ್ಲ, 2ರಿಂದ 5 ಮಿಲಿಮೀಟರ್ ಒಳಗಿನದಕ್ಕೆ 460 ಗ್ರಾಂ, ಅಂದ್ರೆ ಸುಮಾರು 64 ಮೈಕ್ರಾನ್. ಹಾಗಾಗಿ ಯಾರಾದ್ರೂ ತೆಳು ಕೇಬಲ್ ಟ್ರೇಗೂ 610 ಕೊಡ್ತೀವಿ ಅಂದ್ರೆ ಸ್ವಲ್ಪ ಹುಬ್ಬು ಏರಿಸಿ.

ಈಗ ಅಕೌಂಟೆನ್ಸಿ. ಡಿಪ್ರಿಸಿಯೇಶನ್‌ನಲ್ಲಿ ಸ್ಟ್ರೈಟ್ ಲೈನ್ ಮೆಥಡ್ ಅಂತ ಓದಿರ್ತೀರ. ಆಸ್ತಿ ಪ್ರತಿ ವರ್ಷ ಒಂದೇ ಪ್ರಮಾಣದಲ್ಲಿ ಸವೆಯುತ್ತೆ ಅಂತ ಲೆಕ್ಕ. ನಿಜ ಜೀವನದಲ್ಲಿ ಲ್ಯಾಪ್‌ಟಾಪ್, ಗಾಡಿ ಯಾವುದೂ ಹಾಗೆ ಸವೆಯಲ್ಲ. ಸತು ಮಾತ್ರ ಹೆಚ್ಚುಕಮ್ಮಿ ಹಾಗೇ ಸವೆಯುತ್ತೆ! ಒಂದು ಜಾಗದ ಗಾಳಿ ವರ್ಷಕ್ಕೆ ಇಷ್ಟು ಮೈಕ್ರಾನ್ ತಿನ್ನುತ್ತೆ ಅಂತ ಗೊತ್ತಾದ್ರೆ, ದಪ್ಪವನ್ನ ಅದರಿಂದ ಭಾಗಿಸಿದ್ರೆ ಆಯಸ್ಸು ಸಿಗುತ್ತೆ. ಎಲ್‌ಕೆಜಿ ಭಾಗಾಕಾರ.

ಗಾಳಿಯ ಕೆಡುಕನ್ನ ಅಳೆಯೋಕೆ ಐಎಸ್‌ಒ 9223 ಅನ್ನೋ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಸಿ1ರಿಂದ ಮೇಲಕ್ಕೆ ದರ್ಜೆಗಳಿವೆ. ಒಣ ಒಳನಾಡು ಸಿ2. ಕಡಲಿಗೆ ಹತ್ತಿರ, ಉಪ್ಪು ಗಾಳಿ ಜೋರಾಗಿರೋ ಕಡೆ ಸಿ5. ಸಿ5ರಲ್ಲಿ ಬರೀ ಉಕ್ಕು ಇಟ್ರೆ ಮೊದಲ ವರ್ಷವೇ 80ರಿಂದ 200 ಮೈಕ್ರಾನ್ ಹೋಗುತ್ತೆ. ಅದೇ ಗಾಳಿಯಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್. ಭಾಗಿಸಿ ನೋಡಿ. ಝಡ್ 120 ಶೀಟಿನ 8.4 ಮೈಕ್ರಾನ್‌ಗೆ ಆಯಸ್ಸು ಒಂದರಿಂದ ಎರಡು ವರ್ಷ. ಹಾಟ್ ಡಿಪ್‌ನ 85 ಮೈಕ್ರಾನ್‌ಗೆ 10ರಿಂದ 20 ವರ್ಷ. ಎರಡರ ಹೆಸರೂ ಜಿಐ. ಎರಡೂ ಬೆಳ್ಳಗೇ ಇರುತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಅಜ್ಜಿಯಂದಿರು ಹೇಳಿದ್ದು ಇದಕ್ಕೇ ಇರ್ಬೇಕು.

ಉಲ್ಟಾ ಕಡೆಯಿಂದಲೂ ನೋಡೋಣ, ಇಲ್ಲಾಂದ್ರೆ ನಾನು ಹಾಟ್ ಡಿಪ್ ಸೇಲ್ಸ್‌ಮ್ಯಾನ್ ಆಗ್ಬಿಡ್ತೀನಿ. ಅದೇ 8.4 ಮೈಕ್ರಾನ್ ಶೀಟನ್ನ ಕಲಬುರಗಿ ಕಡೆಯ ಒಣ ಗೋಡೌನ್ ಒಳಗೆ ಹಾಕಿದ್ರೆ? ಸಿ2ರಲ್ಲಿ ಸತು ಸವೆಯೋದು ವರ್ಷಕ್ಕೆ ಹೆಚ್ಚೆಂದ್ರೆ 0.7 ಮೈಕ್ರಾನ್. 12 ವರ್ಷ ಆರಾಮಾಗಿ ಬರುತ್ತೆ. ಅಲ್ಲಿ ಹಾಟ್ ಡಿಪ್‌ಗೆ ಜಾಸ್ತಿ ದುಡ್ಡು ಸುರಿಯೋದು ನನ್ನ ಪ್ರಕಾರ ದಂಡ. ಜಾಗ ನೋಡಿ ಸತು ಹಾಕ್ಬೇಕು.

ನಮ್ಮ ಐಸ್ ಪ್ಲಾಂಟ್ ಇರೋದು ಸಮುದ್ರದ ಬುಡದಲ್ಲಿ. 80 ಸಾವಿರ ವ್ಯತ್ಯಾಸವನ್ನ ಕಮ್ಮಿ ಆಯಸ್ಸು ಅಂದ್ರೆ 10 ವರ್ಷಕ್ಕೆ ಹಂಚಿ: ವರ್ಷಕ್ಕೆ 8 ಸಾವಿರ. ಅದೂ ಸಾಲದ ದುಡ್ಡು, 10 ಪರ್ಸೆಂಟ್ ಬಡ್ಡಿ ಅಂತ ಇಟ್ಕೊಂಡ್ರೂ ಮೊದಲ ವರ್ಷ ಇನ್ನೊಂದು 8 ಸಾವಿರ, ಆಮೇಲೆ ಇಳೀತಾ ಹೋಗುತ್ತೆ. ಅತಿ ಕೆಟ್ಟ ವರ್ಷದಲ್ಲಿ 16 ಸಾವಿರ, ದಿನಕ್ಕೆ 44 ರೂಪಾಯಿ.

ಈಗ ಇದರ ಎದುರಿಗೆ 5 ಲಕ್ಷದ ಕೊಟೇಶನ್ ಇಡಿ. ಎರಡು ವರ್ಷಕ್ಕೆ ಸತು ಖಾಲಿ. ಸತು ಖಾಲಿ ಆದ ದಿನವೇ ಏಣಿ ಬಿದ್ದು ಹೋಗಲ್ಲ, ಒಪ್ಪಿದೆ. ತುಕ್ಕು ಶುರುವಾಗುತ್ತೆ, ಉಜ್ಜಿ ಪೇಂಟ್ ಹೊಡೀಬೇಕು, ಎರಡು ಮೂರು ವರ್ಷಕ್ಕೊಮ್ಮೆ. ಪೇಂಟ್ ದುಡ್ಡು, ಕೂಲಿ ಹೋಗ್ಲಿ ಬಿಡಿ. ಯಾವಾಗ ಹೊಡೀತೀರಿ? ನನಗೆ ಇಲ್ಲೇ ನಿಜವಾದ ಲೆಕ್ಕ ಕಂಡಿದ್ದು. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರೋದು ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಬೋಟ್ ಹೋಗಲ್ಲ, ಐಸ್ ಬೇಡ, ಪ್ಲಾಂಟ್ ಖಾಲಿ. ರಿಪೇರಿಗೆ ಸಿಗೋ ಬಿಡುವು ಅದೊಂದೇ. ಆದರೆ ಅದು ಕರಾವಳಿಯ ಜಡಿಮಳೆ ಕಾಲ! ಗಾಳಿಯಲ್ಲಿ ತೇವಾಂಶ 85 ಪರ್ಸೆಂಟ್ ದಾಟಿದ್ರೆ ಪೇಂಟ್ ಹೊಡೀಬೇಡಿ ಅನ್ನೋದು ಪೇಂಟಿಂಗ್‌ನ ಸಾಮಾನ್ಯ ನಿಯಮ. ಬಿಡುವಿದ್ದಾಗ ಪೇಂಟ್ ಮಾಡೋಕಾಗಲ್ಲ, ಪೇಂಟ್ ಮಾಡೋ ಹವಾ ಇದ್ದಾಗ ಬಿಡುವಿಲ್ಲ. ಸೀಸನ್ ಮಧ್ಯೆ ಕಂಡೆನ್ಸರ್ ಪ್ಲಾಟ್‌ಫಾರ್ಮ್ ಉಜ್ಜೋಕೆ ಅಂತ ಎರಡು ದಿನ ಐಸ್ ನಿಲ್ಲಿಸಿದ್ರೆ ಗಿರಾಕಿ ಪಕ್ಕದ ಪ್ಲಾಂಟಿಗೆ ಹೋಗ್ತಾರೆ, ಎಲ್ಲರೂ ವಾಪಸ್ ಬರ್ತಾರೆ ಅಂತ ಗ್ಯಾರಂಟಿ ಇಲ್ಲ. ಅದಕ್ಕೇ ನಾನು ಹೇಳಿದ್ದು: 5 ಲಕ್ಷ 80 ಸಾವಿರದ ಕೊಟೇಶನ್ ತಗೊಳ್ಳಿ, ಅಥವಾ ಮೊದಲನೇ ವೆಂಡರ್‌ಗೆ ಫೋನ್ ಮಾಡಿ 'ಎಷ್ಟು ಮೈಕ್ರಾನ್? ಫ್ಯಾಬ್ರಿಕೇಶನ್‌ಗೆ ಮುಂಚೆಯೋ, ಆಮೇಲೆಯೋ?' ಅಂತ ಕೇಳಿ. ಉತ್ತರ ಬರೋಕೆ ಎಷ್ಟು ಹೊತ್ತು ತಗೊಳ್ತಾರೆ ಅನ್ನೋದ್ರಲ್ಲೇ ಅರ್ಧ ಉತ್ತರ ಇರುತ್ತೆ. ತುಕ್ಕಿನ ಖರ್ಚು ಇಡೀ ಪ್ರಪಂಚಕ್ಕೆ ಎಷ್ಟು ಅಂತ 2016ರಲ್ಲಿ ನೇಸ್ ಅನ್ನೋ ತುಕ್ಕು ತಜ್ಞರ ಸಂಸ್ಥೆ ಅಂದಾಜು ಮಾಡಿತ್ತು: ವರ್ಷಕ್ಕೆ ಎರಡೂವರೆ ಲಕ್ಷ ಕೋಟಿ ಡಾಲರ್. ಅದೆಲ್ಲ ಇಂಥ ಸಣ್ಣ ಸಣ್ಣ ಕೊಟೇಶನ್‌ಗಳ ಮೊತ್ತ ತಾನೇ.

ಹಾಗಂತ ಐಸ್ ಪ್ಲಾಂಟಲ್ಲಿ ಕಣ್ಣುಮುಚ್ಚಿ ಎಲ್ಲದಕ್ಕೂ ಸತು ಹಾಕೋಕಾಗಲ್ಲ. ಅಮೋನಿಯಾ ಒಳಗೆ ಹರಿಯೋ ಪೈಪು, ವಾಲ್ವು ಯಾವುದೂ ಜಿಐ ಆಗ್ಬಾರ್ದು. ತೇವದ ಜೊತೆ ಸೇರಿದ ಅಮೋನಿಯಾ ಸತುವನ್ನ ತಿನ್ನುತ್ತೆ, ತಾಮ್ರ ಹಿತ್ತಾಳೆಗೂ ಅದೇ ಗತಿ. ಆದರೆ ಐಸ್ ಬ್ಲಾಕ್ ಮಾಡೋ ಕ್ಯಾನ್‌ಗಳು ಸಾಮಾನ್ಯವಾಗಿ ಜಿಐದೇ. ಅವು ಉಪ್ಪುನೀರಿನ ಟ್ಯಾಂಕಲ್ಲಿ, ಅಂದ್ರೆ ಬ್ರೈನ್‌ನಲ್ಲಿ, ಸೀಸನ್ ಪೂರ್ತಿ ಮುಳುಗಿರುತ್ತವೆ. ಆ ಬ್ರೈನ್‌ನ ಪಿಎಚ್ 7.5ರಿಂದ 8.5ರ ಒಳಗೆ ಇರ್ಬೇಕು. ಹುಳಿಯಾದ್ರೂ ಸತು ಕರಗುತ್ತೆ, ಕ್ಷಾರ ವಿಪರೀತ ಆದ್ರೂ ಕರಗುತ್ತೆ. ಎಲ್ಲೋ ಕಾಯಿಲ್‌ನಿಂದ ಅಮೋನಿಯಾ ಬ್ರೈನ್‌ಗೆ ಸೋರ್ತಿದ್ರೆ ಪಿಎಚ್ ಮೇಲೆ ಹೋಗುತ್ತೆ. ಅಂದ್ರೆ ಅಗ್ಗದ ಪಿಎಚ್ ಪಟ್ಟಿ ಕ್ಯಾನ್ ಉಳಿಸೋದರ ಜೊತೆಗೆ ಲೀಕ್ ಸುಳಿವೂ ಕೊಡುತ್ತೆ. ವಾರಕ್ಕೊಮ್ಮೆ ಅದ್ದಿ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಇನ್ನು ಬೇರೆ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡೋರಿಗೆ ಒಂದು ಮಾತು: ಸದಾ 200 ಡಿಗ್ರಿ ಮೇಲೆ ಕಾಯೋ ಭಾಗಕ್ಕೆ, ಆಸಿಡ್ ಚೆಲ್ಲೋ ಜಾಗಕ್ಕೆ ಸತು ಬೇಡ.

ಬ್ರೈನ್ ಟ್ಯಾಂಕ್ ಬಗ್ಗೆನೂ ಅವರು ಕೇಳಿದ್ರು. ಅದನ್ನ ತಂದು ಸತುವಿನ ತೊಟ್ಟಿಗೆ ಇಳಿಸೋಕೆ ಆಗಲ್ಲ, ಟ್ಯಾಂಕೇ ತೊಟ್ಟಿಗಿಂತ ದೊಡ್ಡದು. ಇಂಥ ದೊಡ್ಡ ಸಾಮಾನಿನ ಹೊರಮೈಗೆ ಎರಡು ದಾರಿ. ಸತುವಿನ ತಂತಿಯನ್ನ ಕರಗಿಸಿ ಗನ್‌ನಿಂದ ಸಿಂಪಡಿಸೋದು ಒಂದು. ಇನ್ನೊಂದು ಜಿಂಕ್ ರಿಚ್ ಪ್ರೈಮರ್, ಒಣಗಿದ ಮೇಲೆ ಅದರ ತೂಕದಲ್ಲಿ 80 ಪರ್ಸೆಂಟಾದ್ರೂ ಸತುವಿನ ಪುಡಿನೇ ಇರ್ಬೇಕು. ಪೇಂಟ್ ಅಂತ ಹಗುರ ಮಾಡ್ಬೇಡಿ. 1940ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಮಾರ್ಗನ್‌ನಿಂದ ವೈಯಾಲಾ ತನಕ ನೂರಾರು ಕಿಲೋಮೀಟರ್ ನೀರಿನ ಪೈಪ್‌ಲೈನ್ ಹಾಕಿದಾಗ ವಿಕ್ಟರ್ ನೈಟಿಂಗಾಲ್ ಅನ್ನೋರು ಮಾಡಿದ ಸತು-ಸಿಲಿಕೇಟ್ ಲೇಪನ ಬಳಿದ್ರು. ದಶಕಗಟ್ಟಲೆ ಬಿಸಿಲಲ್ಲಿ ನಿಂತಿತು, ಈ ಕ್ಷೇತ್ರದವರು ಇವತ್ತಿಗೂ ಅದರ ಉದಾಹರಣೆ ಕೊಡ್ತಾರೆ. ಆದರೆ ಈ ಎರಡೂ ದಾರಿಗೆ ಉಕ್ಕನ್ನ ಮೊದಲು ಬ್ಲಾಸ್ಟಿಂಗ್ ಮಾಡಿ ಬೆಳ್ಳಗೆ ಮಾಡ್ಲೇಬೇಕು. ತುಕ್ಕಿನ ಮೇಲೆ ಬಳಿದ್ರೆ ಸತುವಿಗೂ ಉಕ್ಕಿಗೂ ಸಂಪರ್ಕವೇ ಇರಲ್ಲ, ಬ್ಯಾಟರಿ ಹುಟ್ಟಲ್ಲ.

ಈಗ ಫ್ಯಾಬ್ರಿಕೇಶನ್ ಮಾಡೋ ಗೆಳೆಯರಿಗೆ. ನೀವು ತುಂಬಾ ಜನ ಕೇಳ್ತೀರಿ ಅಂತ ಮೆಸೇಜ್‌ಗಳಿಂದ ಗೊತ್ತು.

ಪೈಪಿನ ಕಂಬಿ, ಬಾಕ್ಸ್ ಸೆಕ್ಷನ್ ಹಾಟ್ ಡಿಪ್‌ಗೆ ಕಳಿಸೋ ಮುಂಚೆ ಗಾಳಿ ತೂತು, ಸೋರು ತೂತು ಹೊಡೀಲೇಬೇಕು. ಎರಡೂ ತುದಿ ವೆಲ್ಡ್ ಮಾಡಿ ಮುಚ್ಚಿದ ಪೈಪಿನೊಳಗೆ ಒಂದು ಚಮಚ ತೊಳೆದ ನೀರು ಉಳಿದಿದ್ರೂ, 450 ಡಿಗ್ರಿ ಸತುವಿಗೆ ಇಳಿದ ತಕ್ಷಣ ಅದು ಆವಿಯಾಗಿ ಪೈಪ್ ಬಾಂಬಿನ ಹಾಗೆ ಸಿಡಿಯುತ್ತೆ. ಕರಗಿದ ಸತು ಅಲ್ಲಿ ನಿಂತಿರೋ ಕೆಲಸಗಾರರ ಮೈಮೇಲೆ. ಡ್ರಾಯಿಂಗ್ ಮಾಡೋನು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಏಸಿ ರೂಮಲ್ಲಿ ಇರ್ತಾನೆ, ಸುಟ್ಟುಕೊಳ್ಳೋನು ಇನ್ಯಾರೋ. ಇದು 80 ಸಾವಿರದ ಲೆಕ್ಕಕ್ಕಿಂತ ದೊಡ್ಡದು, ಅದಕ್ಕೇ ಸ್ವಲ್ಪ ಒತ್ತಿ ಹೇಳ್ತಿದ್ದೀನಿ. ಡ್ರಾಯಿಂಗ್ ಹಂತದಲ್ಲೇ ತೂತು ಎಲ್ಲಿ ಅಂತ ಗ್ಯಾಲ್ವನೈಸಿಂಗ್ ಮಾಡೋರ ಜೊತೆ ಕೂತು ಮಾತಾಡಿ.

ಎರಡನೆಯದು ಸೈಟಲ್ಲಿ ವೆಲ್ಡಿಂಗ್. ಅದ್ದಿ ತಂದ ಸಾಮಾನನ್ನ 'ಸ್ವಲ್ಪ ಅಡ್ಜಸ್ಟ್' ಅಂತ ಕತ್ತರಿಸಿ ಬೆಸುಗೆ ಹಾಕ್ತಾರೆ. ಬೆಸುಗೆ ಶಾಖಕ್ಕೆ ಅಲ್ಲಿನ ಸತು ಆವಿಯಾಗಿ ಹೋಗುತ್ತೆ. ಆ ಬಿಳಿ ಹೊಗೆ ಕುಡಿದೋರಿಗೆ ಕೆಲವು ಗಂಟೆ ಆದ ಮೇಲೆ ಚಳಿಜ್ವರ, ಮೈಕೈ ನೋವು. ಒಂದೆರಡು ದಿನದಲ್ಲಿ ಇಳಿಯುತ್ತೆ ನಿಜ, ಆದರೆ ಹಾಲು ಕುಡಿದ್ರೆ ಏನೂ ಆಗಲ್ಲ ಅನ್ನೋದು ಬರೀ ನಂಬಿಕೆ. ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ಬೆಸುಗೆ ಜಾಗದ ಸತುವನ್ನ ಮೊದಲೇ ಗ್ರೈಂಡ್ ಮಾಡಿ ತೆಗೆಯೋದು, ಗಾಳಿ ಆಡೋ ಹಾಗೆ ನೋಡ್ಕೊಳ್ಳೋದು, ಸರಿಯಾದ ಮಾಸ್ಕ್ ಹಾಕೋದು, ಇವೇ ದಾರಿ.

ಬೆಸುಗೆ ಆದ ಮೇಲೆ ಅಲ್ಲಿಗೆ ಹಚ್ತಾರಲ್ಲ ಸಿಲ್ವರ್ ಪೇಂಟು, ಅದು ನನಗೆ ಸಿಟ್ಟು ಬರಿಸೋ ವಿಷಯ. ಸಿಲ್ವರ್ ಪೇಂಟ್ ಅಂದ್ರೆ ಅಲ್ಯೂಮಿನಿಯಂ ಪುಡಿಯ ಬಣ್ಣ. ನೋಡೋಕೆ ಸತುವಿನ ಥರನೇ. ಆದರೆ ಅದು ಗೋಡೆ ಕೆಲಸ ಮಾತ್ರ ಮಾಡುತ್ತೆ, ಸತುವಿನ ಹಾಗೆ ತಾನು ಕರಗಿ ಉಕ್ಕನ್ನ ಉಳಿಸಲ್ಲ. ಮೊದಲನೇ ಕೊಟೇಶನ್‌ನ 'ಸಿಲ್ವರ್ ಫಿನಿಶ್' ಅನ್ನೋ ಎರಡು ಪದ ನೋಡಿ ನನಗೆ ಅನುಮಾನ ಬಂದಿದ್ದೂ ಇದಕ್ಕೇ. ಅಲ್ಲಿ ಹಚ್ಚಬೇಕಿರೋದು ಜಿಂಕ್ ರಿಚ್ ಪೇಂಟ್, ಚೆನ್ನಾಗಿ ಉಜ್ಜಿ, ಕನಿಷ್ಠ 100 ಮೈಕ್ರಾನ್ ದಪ್ಪ. ಒಂದು ಡಬ್ಬಿಗೆ ಸ್ವಲ್ಪ ಜಾಸ್ತಿ ಆಗುತ್ತೆ, ಅಷ್ಟೇ.

ಬೋಲ್ಟು ಮರೀಬೇಡಿ. 85 ಮೈಕ್ರಾನ್ ಪ್ಲಾಟ್‌ಫಾರ್ಮ್‌ಗೆ 6 ಮೈಕ್ರಾನ್ ಹೊಳೆಯೋ ಬೋಲ್ಟ್ ಹಾಕಿ, ಎರಡನೇ ಮಳೆಗಾಲಕ್ಕೆ ಪ್ರತಿ ಬೋಲ್ಟ್ ಕೆಳಗೂ ಕೆಂಪು ಕಣ್ಣೀರು ಇಳಿದಿರೋದನ್ನ ಎಷ್ಟು ಕಡೆ ನೋಡಿದ್ದೀನಿ. ಬೋಲ್ಟೂ ಹಾಟ್ ಡಿಪ್‌ದೇ ಕೇಳಿ. ಆದರೆ 12.9 ಗ್ರೇಡಿನಂಥ ಅತಿ ಗಟ್ಟಿ ಬೋಲ್ಟನ್ನ ಆಸಿಡ್‌ಗೆ ಅದ್ದೋದು ಅಪಾಯ. ಹೈಡ್ರೋಜನ್ ಒಳಗೆ ಸೇರಿ, ಬಿಗಿ ಮಾಡಿದ ಮೇಲೆ ಏಕಾಏಕಿ ತುಂಡಾಗ್ಬಹುದು. ಮತ್ತೆ ಅರ್ಥಿಂಗ್‌ಗೆ ತಾಮ್ರದ ಪಟ್ಟಿಯನ್ನ ನೇರವಾಗಿ ಸತುವಿನ ಮೇಲೆ ಬಿಗಿದು ಬಿಡಬೇಡಿ. ಡೇವಿ ಕಥೆ ನೆನಪಿದೆಯಲ್ಲ, ಅಲ್ಲಿ ತಾಮ್ರ ಉಳಿಯಿತು, ಕರಗಿದ್ದು ಸತು.

ಮಾಲು ಬಂದಾಗ ಏನು ನೋಡ್ಬೇಕು? ಹೊಳಪನ್ನಂತೂ ನೋಡ್ಬೇಡಿ. ಉಕ್ಕಿನಲ್ಲಿ ಸಿಲಿಕಾನ್ ಒಂದು ಪ್ರಮಾಣದಲ್ಲಿ ಇದ್ರೆ ಹಾಟ್ ಡಿಪ್ ಲೇಪನ ಮಂಕು ಬೂದು ಬಣ್ಣಕ್ಕೆ ಬರುತ್ತೆ. ಅದು ಸಾಮಾನ್ಯವಾಗಿ ಜಾಸ್ತಿ ದಪ್ಪವೇ ಇರುತ್ತೆ, ತೀರಾ ದಪ್ಪ ಆದ್ರೆ ಏಟು ಬಿದ್ದಾಗ ಚಕ್ಕೆ ಏಳ್ಬಹುದು, ಅದೊಂದು ಗಮನಿಸಿ. ಮಂಕಾಗಿದೆ ಅಂತ ವಾಪಸ್ ಕಳಿಸಿ, ಹೊಳೆಯೋ ತೆಳುವನ್ನ ಮನೆಗೆ ತರೋರು ಇದ್ದಾರೆ. ದಪ್ಪ ಅಳೆಯೋಕೆ ಕೈಯಲ್ಲಿ ಹಿಡಿಯೋ ಮೀಟರ್ ಇದೆ, ಡಿಎಫ್‌ಟಿ ಮೀಟರ್ ಅಂತಾರೆ. ಮೇಲೆ ಒತ್ತಿದ್ರೆ ಮೈಕ್ರಾನ್ ತೋರಿಸುತ್ತೆ, ಸಾಮಾನಿಗೆ ಏನೂ ಗಾಯ ಆಗಲ್ಲ. ಒಂದೇ ಕಡೆ ಒತ್ತಿ 'ನೋಡಿ ಸಾರ್ 90' ಅಂದ್ರೆ ನಂಬಬೇಡಿ. ಮೂಲೆ, ನಡು, ಒಳಬದಿ, ಹತ್ತು ಕಡೆ ಒತ್ತಿಸಿ ಸರಾಸರಿ ಬರೆಸಿಕೊಳ್ಳಿ. ಗ್ಯಾಲ್ವನೈಸಿಂಗ್ ಮಾಡಿದವರ ಟೆಸ್ಟ್ ಸರ್ಟಿಫಿಕೇಟ್ ಬಿಲ್ಲಿನ ಜೊತೆ ಬರ್ಬೇಕು, ಆಮೇಲೆ ಕಳಿಸ್ತೀವಿ ಅನ್ನೋದು ಬೇಡ. ಕೊನೇ ಕಂತಿನ ದುಡ್ಡು ಅದಕ್ಕೆ ಕಟ್ಟಿಹಾಕಿ.

ಬಂದ ಮಾಲನ್ನ ಟಾರ್ಪಾಲು ಸುತ್ತಿ ಮಳೆಯಲ್ಲಿ ಒಂದರ ಮೇಲೊಂದು ಒತ್ತೊತ್ತಾಗಿ ಪೇರಿಸಿ ಇಡ್ಬೇಡಿ. ಹೊಸ ಸತು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಗಟ್ಟಿ ಪೊರೆ ಕಟ್ಟಿಕೊಳ್ಳೋಕೆ ಸಮಯ ಬೇಕು. ಗಾಳಿ ಇಲ್ಲದೆ ಒದ್ದೆ ಮಾತ್ರ ಇದ್ರೆ ಆ ಪೊರೆ ಕಟ್ಟಲ್ಲ, ಬಿಳಿ ಪುಡಿ ಏಳುತ್ತೆ, ವೈಟ್ ರಸ್ಟ್ ಅಂತಾರೆ. ಪ್ಲಾಂಟ್ ಶುರುವಾಗೋ ಮುಂಚೆನೇ ದುಡ್ಡು ಕೊಟ್ಟು ತಂದ ಮೈಕ್ರಾನ್ ಕರಗಿ ಹೋಗುತ್ತೆ. ಮರದ ತುಂಡು ಮಧ್ಯೆ ಇಟ್ಟು, ಸ್ವಲ್ಪ ಓರೆಯಾಗಿ, ನೀರು ಇಳಿದು ಹೋಗೋ ಹಾಗೆ, ಗಾಳಿ ಆಡೋ ಹಾಗೆ ಇಡಿ. ಕರಾವಳಿಯವರು ಹಾಟ್ ಡಿಪ್ ಮೇಲೆ ಪೇಂಟನ್ನೂ ಹೊಡೆಸಿದ್ರೆ ಇನ್ನೂ ಒಳ್ಳೇದು. ಎರಡೂ ಸೇರಿದಾಗ ಸಿಗೋ ಆಯಸ್ಸು, ಎರಡರ ಆಯಸ್ಸು ಕೂಡಿಸಿದ್ರೆ ಬರೋದಕ್ಕಿಂತ ಒಂದೂವರೆ ಪಟ್ಟಾದ್ರೂ ಬರುತ್ತೆ ಅನ್ನೋದು ಈ ಉದ್ಯಮದ ಅನುಭವ. ಹೊಸ ಸತು ನುಣ್ಣಗಿರುತ್ತೆ, ಮಾಮೂಲಿ ಪೇಂಟ್ ಹಿಡಿಯಲ್ಲ, ಅದಕ್ಕೆ ಅಂತಲೇ ಇರೋ ಪ್ರೈಮರ್ ಕೇಳಿ ತಗೊಳ್ಳಿ.

ನಿಮ್ಮ ಕೈಯಲ್ಲೂ ಇಂಥ ಕೊಟೇಶನ್ ಇದ್ರೆ, ಹೆಸರು, ಫೋನ್ ನಂಬರ್ ಮುಚ್ಚಿ ಫೋಟೋ ಕಳಿಸಿ. ಮುಂದಿನ ವಾರ ಸೋಲಾರ್ ಪ್ಯಾನೆಲ್ ಸ್ಟ್ಯಾಂಡ್‌ಗಳ ಬಗ್ಗೆ ಬಂದಿರೋ ನಾಲ್ಕೈದು ಮೆಸೇಜ್ ತಗೊಳ್ತೀನಿ. ಸಿಗೋಣ.